ತಪ್ಪಿಲ್ಲದ ವಾಕ್ಯ

ನಮ್ಮೂರಿನ ಅಗಸಿ ಬಾಗಿಲು ದಾಟಿ ಗುಡ್ಡದ ಕಡೆಗೆ ಹತ್ತು ಹೆಜ್ಜೆ ಇಟ್ಟರೆ ಕನ್ನಡ ಕೇಳಿಸುವುದಿಲ್ಲ. ತುಟಿ ಅಲ್ಲಾಡುತ್ತದೆ, ಗಂಟಲು ನಡುಗುತ್ತದೆ, ಮಾತು ಮಾತ್ರ ಹೊರಗೆ ಬರುವುದಿಲ್ಲ. ಇಂಗ್ಲಿಷ್ ಆಡಿದರೆ ಕೇಳಿಸುತ್ತದೆ. ಕೆಮ್ಮು, ನಗು, ಅಳು ಕೇಳಿಸುತ್ತವೆ. ಹೆಸರು ಹಿಡಿದು ಕೂಗಿದರೂ ಕೇಳಿಸುತ್ತದೆ. ನನ್ನ ಅಜ್ಜಿಯ ಕಾಲದಲ್ಲೂ ಹೀಗೇ ಇತ್ತಂತೆ. ದವಾಖಾನೆ, ಕಚೇರಿ, ಕೋರ್ಟು, ದೊಡ್ಡ ಗಿರಣಿ ಎಲ್ಲ ಗುಡ್ಡದ ಮೇಲಿವೆ, ನಾವು ಕೆಳಗಿದ್ದೇವೆ. ಹಾಗಾಗಿ ಅಗಸಿಯ ಪಕ್ಕದ ಕಟ್ಟೆಯ ಮೇಲೆ ಬೆಳಗಿನ ಹೊತ್ತು ಯಾವಾಗಲೂ ಗದ್ದಲ. ಗಿರಣಿಗೆ ಹೋಗುವ ಗಂಡಹೆಂಡಿರು ಜಗಳವನ್ನು ಅಲ್ಲೇ ಮುಗಿಸಿಕೊಂಡು ಹತ್ತುತ್ತಾರೆ. ಮುಗಿಯದಿದ್ದರೆ ಸಂಜೆ ಇಳಿದು ಬಂದು ಬಿಟ್ಟಲ್ಲಿಂದ ಶುರು ಮಾಡುತ್ತಾರೆ.

ನಮ್ಮ ಮಾತಿನೊಳಗೆ ಸೇರಿಕೊಂಡ ಇಂಗ್ಲಿಷ್ ಶಬ್ದಗಳು ಮಾತ್ರ ಅಲ್ಲಿ ಉಳಿಯುತ್ತವೆ. ‘ಬಸ್ಸು ಲೇಟಾತ್ರಿ, ಸಿಟ್ಟಾಗಬ್ಯಾಡ್ರಿ’ ಎಂದರೆ ‘ಬಸ್, ಲೇಟ್’ ಎಂದಷ್ಟೇ ಕೇಳುತ್ತದೆ. ಅಷ್ಟರಲ್ಲೇ ಎಷ್ಟೋ ಕೆಲಸ ನಡೆದುಹೋಗುತ್ತದೆ. ಅಷ್ಟೇ ಕೇಳಿಸಿದ್ದರಿಂದ ಕೆಟ್ಟದ್ದೂ ಉಂಟು. ನನ್ನ ಅಪ್ಪನ ಬಲಗಾಲು ಹೋದದ್ದು ಹಾಗೆ.

ಅಪ್ಪ ಫಕೀರಪ್ಪ, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಿದ್ದವರು. ಏಳು ವರ್ಷದ ಹಿಂದೆ ಅಂಗಾಲಿಗೆ ಮೊಳೆ ಚುಚ್ಚಿ ಹುಣ್ಣಾಯಿತು. ಹುಣ್ಣು ಕಪ್ಪಾದ ಮೇಲೆ ಗುಡ್ಡದ ದವಾಖಾನೆಗೆ ಕರೆದುಕೊಂಡು ಹೋದೆ. ನಾನು ಇಂಗ್ಲಿಷ್ ಮುಖ್ಯ ವಿಷಯವಾಗಿ ಬಿ.ಎ. ಮಾಡಿದವಳು, ಊರಿನಲ್ಲಿ ನನ್ನಷ್ಟು ಇಂಗ್ಲಿಷ್ ಓದಿದವರು ಬೇರೆ ಇರಲಿಲ್ಲ. ಡಾಕ್ಟರು ಕಾಲು ನೋಡಿ ಏನೋ ಹೇಳಿದರು. ಅಪ್ಪನಿಗೆ ಅರ್ಥವಾದದ್ದು ಆಪರೇಷನ್ ಎಂಬುದೊಂದೇ. ಮಂಚದಿಂದ ಅರ್ಧ ಎದ್ದು ಕೂತು, ‘ಆಪರೇಷನ್ ಬ್ಯಾಡ್ರಿ, ಕಾಲು ಹೋದ್ರ ಮಗ್ಗ ಹೋಗತೈತಿ, ನೀ ಹೇಳು ಇಂದೂ’ ಎಂದರು. ಅವರ ತುಟಿ ನೋಡಿ ನನಗೆ ತಿಳಿಯಿತು. ಕೇಳಿಸಿದ್ದು ಎರಡೇ: ಆಪರೇಷನ್, ಇಂದೂ.

‘ಆಪರೇಷನ್? ಎಸ್?’ ಎಂದು ಡಾಕ್ಟರು ನನ್ನ ಮುಖ ನೋಡಿದರು.

ನಾನು ಮನಸ್ಸಿನೊಳಗೆ ವಾಕ್ಯ ಜೋಡಿಸುತ್ತಿದ್ದೆ. ‘ಹಿ ಡಸ್ ನಾಟ್ ವಾಂಟ್’ ಅನ್ನಬೇಕೋ, ‘ಮೈ ಫಾದರ್ ಈಸ್ ನಾಟ್ ವಿಲ್ಲಿಂಗ್’ ಅನ್ನಬೇಕೋ. ಅಲ್ಲಿಯವರೆಗೆ ನಾನು ಇಂಗ್ಲಿಷನ್ನು ಓದಿದ್ದೆ, ಬರೆದಿದ್ದೆ. ಇನ್ನೊಬ್ಬರ ಮುಖ ನೋಡಿ ಆಡಿರಲಿಲ್ಲ. ತಪ್ಪಾದರೆ ಆ ಬಿಳಿ ಕೋಟಿನವರೆಲ್ಲ ನಗುತ್ತಾರೆ ಎನ್ನಿಸಿತು. ಬಾಯಿ ಬಿಡಲಿಲ್ಲ. ಡಾಕ್ಟರು ಒಂದು ಕಾಗದ ಚಾಚಿ ಕೆಳಗಿನ ಗೆರೆಯ ಮೇಲೆ ಬೆರಳಿಟ್ಟರು. ಬರೆಯುವುದು ನನಗೆ ಮಾತಿಗಿಂತ ಸುಲಭವಿತ್ತು. ಸಹಿ ಮಾಡಿದೆ. ‘ಬೇಡ’ ಎಂದು ನಾನು ಬರೆದುಕೊಟ್ಟೆ ಅಂದುಕೊಂಡು ಅಪ್ಪ ಸಮಾಧಾನದಿಂದ ದಿಂಬಿಗೆ ಒರಗಿದರು.

ಕೆಳಗೆ ಕರೆತಂದ ದಿನ ಅಗಸಿ ದಾಟುತ್ತಲೇ ಅವರು ಕೇಳಿದ್ದು ಒಂದೇ ಮಾತು. ‘ನೀ ಹೇಳಲಿಲ್ಲೇನವ್ವಾ?’

‘ಬಾಗಿಲ ಹೊರಗ ಡಾಕ್ಟರಿಗೆ ಹೇಳಿದೆ ಅಪ್ಪಾ. ಒಂದು ಶಬ್ದ ತಪ್ಪಿತು. ತಪ್ಪಿದ್ದಕ್ಕ ಕೇಳಿಸಲಿಲ್ಲ.’

ಇಷ್ಟು ಸುಳ್ಳು ನಾನು ಹೇಳಿದ್ದು. ಅಪ್ಪ ಅದನ್ನು ನಂಬಿದರು. ನೋಡಲು ಬಂದವರಿಗೆಲ್ಲ, ‘ಪಾಪ, ನನ್ನ ಮಗಳು ಹೇಳಿದ್ಲು, ಒಂದ ಶಬ್ದ ತಪ್ಪಿತು, ಗುಡ್ಡ ನುಂಗಿತು’ ಎಂದು ಹೇಳಿದರು. ತಿಂಗಳೊಳಗೆ ಊರೆಲ್ಲ ಅದೇ ಮಾತಾಯಿತು: ಗುಡ್ಡದ ಮೇಲೆ ಕನ್ನಡ ಮಾತ್ರವಲ್ಲ, ತಪ್ಪು ಇಂಗ್ಲಿಷ್ ಕೂಡ ಕೇಳಿಸುವುದಿಲ್ಲ. ಮೊದಲೆಲ್ಲ ನಾಲ್ಕು ಹರಕು ಶಬ್ದ ಇಟ್ಟುಕೊಂಡು ಗುಡ್ಡ ಹತ್ತಿ ಕೆಲಸ ಮಾಡಿಸಿಕೊಂಡು ಬರುತ್ತಿದ್ದವರು ಬಾಯಿ ತೆರೆಯಲು ಹೆದರಿದರು. ಮೇಲಿನವರು ಉತ್ತರ ಕೊಡದಿದ್ದರೆ, ನಮ್ಮ ಮಾತು ತಪ್ಪಿತ್ತು ಎಂದುಕೊಂಡರು. ಉತ್ತರ ಕೊಟ್ಟರೆ, ಹೇಗೋ ಸರಿ ಬಂತು ಎಂದುಕೊಂಡರು. ತಪ್ಪಿಲ್ಲದ ಇಂಗ್ಲಿಷ್ ಕಲಿಸಿ ಎಂದು ನನ್ನ ಮನೆಗೆ ಬರತೊಡಗಿದರು. ಮುಚ್ಚಿಹೋದ ಹತ್ತಿ ಗಿರಣಿಯ ಪಡಸಾಲೆಯಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕ್ಲಾಸು ಶುರುವಾಯಿತು. ನಾನು ಎಲ್ಲರಿಗೂ ಅಕ್ಕೋರಾದೆ. ಅಪ್ಪ ಬಾಗಿಲ ಹತ್ತಿರ ಒಂದು ಕುರ್ಚಿ ಹಾಕಿಸಿಕೊಂಡು, ಊರುಗೋಲನ್ನು ಗೋಡೆಗೆ ಆನಿಸಿ, ಮಗಳು ಪಾಠ ಹೇಳುವುದನ್ನು ದಿನವೂ ನೋಡುತ್ತಿದ್ದರು. ಕಲಿಯಬೇಕೆಂದು ಅವರಿಗೆ ಆಸೆಯಿರಲಿಲ್ಲ. ಗುಡ್ಡದ ಕಡೆ ಮತ್ತೆ ಅವರು ಮುಖ ಹಾಕಿರಲಿಲ್ಲ.

ಬಳೆ ಮಾರುವ ನೀಲವ್ವ ಬಂದದ್ದು ಇದೇ ಕ್ಲಾಸಿಗೆ, ಮಗಳ ಹೆರಿಗೆಗೆ ಇನ್ನೂ ಮೂರು ತಿಂಗಳಿರುವಾಗ. ಬುಟ್ಟಿಯನ್ನು ಹೊಸ್ತಿಲ ಬಳಿ ಇಳಿಸಿ, ನಿಂತುಕೊಂಡೇ ಹೇಳಿದಳು. ‘ಅಕ್ಕೋರ, ನನಗ ಇಂಗ್ಲಿಷ್ ಎಲ್ಲಾ ಬ್ಯಾಡ್ರಿ. ಒಂದ ಮಾತು ಕಲಸ್ರಿ. ನನ್ನ ಮಗಳು ಕಸ್ತೂರಿ ಬಸರಿ ಅದಾಳ. ಆಕಿಗೆ ಆ ಪೆನ್ಸಿಲಿನ್ ಸೂಜಿ ಆಗೂದಿಲ್ಲ. ಹೋದ ವರ್ಷ ಇಲ್ಲೇ ಕಂಪೌಂಡರ್ ಹಾಕಿದ್ದ. ಗಂಟಲು ಬಾತು, ಮಾರಿ ನೀಲಿಗಟ್ಟಿ, ಹೋಗೇ ಬಿಟ್ಟಿದ್ಲು, ಹೆಂಗೋ ಉಳಿದ್ಲು. ಹಡಿಯಾಕ ಗುಡ್ಡಕ್ಕ ಹೋಗಬೇಕು. ಅಲ್ಲಿ ಸಂಗಡ ಒಬ್ಬರನ್ನ ಬಿಡ್ತಾರ, ಅದು ನಾನ. ಆ ಸೂಜಿ ಬ್ಯಾಡ ಅಂತ ಹೇಳಾಕ ಬಂದ್ರ ಸಾಕ್ರಿ.’

‘ಒಂದು ಮಾತು ಅಂತ ಕಲಿಯಾಕ ಬರೂದಿಲ್ರಿ ನೀಲವ್ವ. ಮೊದಲು ಅಕ್ಷರ, ಆಮೇಲೆ ಶಬ್ದ, ಆಮೇಲೆ ವಾಕ್ಯ.’

‘ಅಷ್ಟು ದಿನ ಕೂಸು ಕಾಯತೈತೇನ್ರಿ?’

ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ಅಕ್ಷರದಿಂದಲೇ ಶುರು ಮಾಡಿಸಿದೆ. ಐವತ್ತು ದಾಟಿದ ಆ ಹೆಂಗಸು, ಬಳೆ ತೊಡಿಸಿ ತೊಡಿಸಿ ಗಟ್ಟಿಯಾದ ಬೆರಳುಗಳಲ್ಲಿ ಬಳಪ ಹಿಡಿದು ಪಾಟಿ ತುಂಬ ತಿದ್ದಿದಳು. ಎರಡು ತಿಂಗಳು ಹಾಗೇ ಹೋಯಿತು. ಕೊನೆಗೆ ನಾನು ಅವಳಿಗಾಗಿ ಒಂದು ವಾಕ್ಯ ಬರೆದುಕೊಟ್ಟೆ. ‘ಮೈ ಡಾಟರ್ ಮಸ್ಟ್ ನಾಟ್ ಬಿ ಗಿವನ್ ಪೆನಿಸಿಲಿನ್.’ ವ್ಯಾಕರಣದಲ್ಲಿ ಕೂದಲಷ್ಟೂ ತಪ್ಪಿಲ್ಲದ ವಾಕ್ಯ. ಬರೆದ ಮೇಲೆ ನಾನೇ ಅದನ್ನು ಎರಡು ಸಲ ಮೆಚ್ಚಿಕೊಂಡು ಓದಿದೆ.

ನೀಲವ್ವನ ನಾಲಿಗೆಗೆ ಅದು ಒಗ್ಗಲಿಲ್ಲ. ‘ಮಸ್ಟ್ ಗಿವ್ ನಾಟ್’ ಎನ್ನುತ್ತಿದ್ದಳು. ‘ನಾಟ್’ ಅನ್ನೇ ಬಿಟ್ಟು ‘ಮಸ್ಟ್ ಬಿ ಗಿವನ್’ ಎಂದುಬಿಡುತ್ತಿದ್ದಳು. ‘ಬೇಡ ಅನ್ನೋದನ್ನ ನುಂಗಿದ್ರಿ ನೋಡ್ರಿ, ಕೊಡಲೇಬೇಕು ಅಂದಂಗಾತು’ ಎಂದರೆ ಗಾಬರಿಯಾಗಿ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು. ಒಂದು ಶಬ್ದ ಜಾರಿದರೂ ನಾನು ತಡೆಯುತ್ತಿದ್ದೆ. ‘ತಪ್ಪು. ಮೊದಲಿಂದ.’ ದಿನಕ್ಕೆ ನಲವತ್ತು ಸಲ ಹೀಗೆ. ಕಡೆಕಡೆಗೆ ನಾನು ಹೇಳುವ ಮೊದಲೇ, ತಪ್ಪಿದಳೆಂದು ಅನುಮಾನ ಬಂದ ಕೂಡಲೇ, ತಾನೇ ತುಟಿಗೆ ಹೊಡೆದುಕೊಂಡು ಮೊದಲಿಂದ ಶುರು ಮಾಡುತ್ತಿದ್ದಳು.

ಕ್ಲಾಸಿನಲ್ಲಿ ಇಮಾಮಸಾಬ ಎಂಬವರಿದ್ದರು. ಗುಡ್ಡದ ಮೇಲೆ ನಳ ರಿಪೇರಿ ಮಾಡುವವರು. ಒಂದು ದಿನ ಅವರು ತಡೆಯಲಾರದೆ ಹೇಳಿದರು. ‘ಅಕ್ಕೋರ, ಸಿಟ್ಟಾಗಬ್ಯಾಡ್ರಿ. ನಾ ಗುಡ್ಡದಾಗ ದಿನಾ ‘ಪೈಪ್ ಕಟ್, ವಾಟರ್ ನೋ, ಟುಮಾರೋ ಕಮಿಂಗ್’ ಅಂತೀನ್ರಿ. ಎಲ್ಲಾರಿಗೂ ಕೇಳಸತೈತ್ರಿ. ಈ ಅವ್ವಗ ‘ನೋ’ ಅನ್ನೂದೊಂದು ಕಲಸಿದ್ರ ಸಾಕಲ್ರೀ?’

ಬಾಗಿಲ ಬಳಿಯ ಕುರ್ಚಿಯಲ್ಲಿ ಅಪ್ಪ ತಲೆಯೆತ್ತಿ ನನ್ನನ್ನು ನೋಡಿದರು. ಆ ನೋಟಕ್ಕೆ ನಾನು ಹೆದರಿದೆ.

‘ಅದು ಕೇಳಸೂದಲ್ರಿ ಇಮಾಮಸಾಬ್ರ. ನಿಮ್ಮ ಕೈಸನ್ನಿ ನೋಡಿ ಅವರು ತಿಳಕೊಂತಾರ. ದವಾಖಾನಿ ಅಂದ್ರ ನಳ ಅಲ್ಲ’ ಎಂದೆ.

ಓದಿದ ಹೆಣ್ಣುಮಗಳ ಎದುರು ವಾದ ಮಾಡುವ ಜಾಯಮಾನ ಅವರದಲ್ಲ.

ಒಂದು ಶನಿವಾರ ನೀಲವ್ವ ಕ್ಲಾಸಿಗೆ ಬರಲಿಲ್ಲ. ಕಸ್ತೂರಿಗೆ ಇನ್ನೂ ಹದಿನೈದು ದಿನವಿದೆ ಎಂದು ನಾನು ಅದನ್ನು ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಎರಡೂಕಾಲಕ್ಕೆ ಇಮಾಮಸಾಬರು ಏದುಸಿರು ಬಿಡುತ್ತ ಬಂದರು. ನಳ ಬಿಗಿಯುವ ಪಾನಾ ಇನ್ನೂ ಕೈಯಲ್ಲೇ ಇತ್ತು.

‘ಅಕ್ಕೋರ, ನೀಲವ್ವನ ಮಗಳನ್ನ ಮುಂಜಾನೆನ ದವಾಖಾನಿಗೆ ಒಯ್ದಾರ. ನೀರು ಒಡದೈತಂತ, ಮೈ ಕಾದೈತಂತ. ನಾ ಅಲ್ಲೇ ನಳದ ಕೆಲಸದಾಗ ಇದ್ದೆ. ನೀಲವ್ವ ನರ್ಸ್‌ಬಾಯಿ ಮುಂದ ಗಾಬರಿಲೆ ಕನ್ನಡದಾಗ ಮಾತಾಡಿಬಿಟ್ಲು. ಕೇಳಿಸಿದ್ದು ‘ಪೆನ್ಸಿಲಿನ್ ಇಂಜೆಕ್ಷನ್’, ಅಷ್ಟ! ನರ್ಸ್‌ಬಾಯಿ ‘ಎಸ್ ಎಸ್, ಪೆನಿಸಿಲಿನ್, ತ್ರೀ ಓ ಕ್ಲಾಕ್’ ಅಂತ ಬರಕೊಂಡು ಹೋದ್ಲು. ಅವಾಗಿಂದ ಈಕಿ ಬಾಯಿ ಹೊಲದಂಗ ನಿಂತಾಳ.’

‘ನೀವ ಹೇಳಬೇಕಿತ್ತಲ್ರೀ!’

‘ಹೇಳಾಕ ಹೋದೆ. ಹೆಂಗಸರ ವಾರ್ಡಿನಾಗ ಗಂಡಸು ಬಂದಾನ ಅಂತ ಕಾವಲಿನಾಂವ ರಟ್ಟಿ ಹಿಡದು ಹೊರಗ ಹಾಕಿದ. ನಳ ರಿಪೇರಿ ಮಾಡಾಂವ ಔಷಧದ ಮಾತು ಆಡಿದ್ರ ಯಾರು ಕೇಳ್ತಾರ್ರಿ? ಬಾಗಿಲದಾಗಿಂದ ಆಕಿಗೆ ‘ನೋ ಅನ್ನು, ನೋ ಅನ್ನು’ ಅಂತ ಸನ್ನಿ ಮಾಡಿದೆ. ಆಕಿ ತಲಿ ಅಲ್ಲಾಡಿಸಿದ್ಲು. ನೀವು ಕಲಿಸಿದ್ದ ಹೇಳಬೇಕಂತ ಕುಂತಾಳ.’

ಪಡಸಾಲೆಯ ಗಡಿಯಾರದಲ್ಲಿ ಎರಡು ಹದಿನೆಂಟು. ಚಪ್ಪಲಿ ಮೆಟ್ಟಲೂ ನಿಲ್ಲದೆ ಓಡಿದೆ. ಅಪ್ಪ ಹಿಂದಿನಿಂದ ಏನೋ ಕೂಗಿದರು. ಅಗಸಿಯ ನೆರಳು ದಾಟುತ್ತಲೇ ಕಟ್ಟೆಯವರ ಗದ್ದಲ ಪಟ್ಟನೆ ನಿಂತಿತು. ನನ್ನ ಉಸಿರು ಮತ್ತು ಬರಿಗಾಲಿನ ಸಪ್ಪಳ ಮಾತ್ರ ಕೇಳುತ್ತಿತ್ತು. ದಾರಿಯುದ್ದಕ್ಕೂ ನಾನು ವಾಕ್ಯ ಜೋಡಿಸುತ್ತ ಹೋದೆ. ‘ಎಕ್ಸ್‌ಕ್ಯೂಸ್ ಮಿ, ಐ ವುಡ್ ಲೈಕ್ ಟು ಇನ್‌ಫಾರ್ಮ್ ಯು.’ ಜೋಡಿಸಿದ್ದು ಎಲ್ಲೋ ಸರಿಯಿಲ್ಲ ಎನ್ನಿಸಿ ಮತ್ತೆ ಬಿಚ್ಚುತ್ತಿದ್ದೆ. ಏಳು ವರ್ಷ ಇಂಗ್ಲಿಷ್ ಕಲಿಸಿದ ನಾನು ಏಳು ವರ್ಷದಿಂದ ಗುಡ್ಡ ಹತ್ತಿರಲಿಲ್ಲ. ಯಾರೂ ಅದನ್ನು ಗಮನಿಸಿರಲಿಲ್ಲ.

ಹೆರಿಗೆ ವಾರ್ಡಿನ ಗಾಜಿನ ಬಾಗಿಲು ಅರ್ಧ ತೆರೆದಿತ್ತು. ಕಾವಲಿನವನು ಕೈ ಅಡ್ಡ ಇಟ್ಟ. ‘ಒನ್ ಅಟೆಂಡರ್ ಓನ್ಲಿ.’ ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಅದೇ ಬಿಳಿ ಗೋಡೆ. ಒಳಗೆ ಮೂರನೆಯ ಮಂಚದ ಮೇಲೆ ಕಸ್ತೂರಿ ಕಣ್ಣು ಮುಚ್ಚಿ ನರಳುತ್ತಿದ್ದಳು. ತಲೆಯ ಹತ್ತಿರ ನೀಲವ್ವ. ಆ ತುದಿಯಿಂದ ನರ್ಸ್ ಸ್ಟೀಲಿನ ತಟ್ಟೆ ಹಿಡಿದು ಬರುತ್ತಿದ್ದಳು. ಗೋಡೆಯ ಗಡಿಯಾರದಲ್ಲಿ ಮೂರಕ್ಕೆ ಐದು ನಿಮಿಷ ಬಾಕಿ.

‘ಮೈ ಡಾಟರ್ ಮಸ್ಟ್ ಗಿವ್...’ ನೀಲವ್ವ ನಿಲ್ಲಿಸಿದಳು. ತುಟಿಗೆ ಹೊಡೆದುಕೊಂಡಳು. ‘ಮೈ ಡಾಟರ್... ಮೈ ಡಾಟರ್ ಮಸ್ಟ್ ಬಿ...’ ಮತ್ತೆ ತುಟಿಗೆ ಹೊಡೆದುಕೊಂಡಳು. ಮತ್ತೆ ಮೊದಲಿಂದ.

‘ಎಸ್ ಎಸ್, ಯುವರ್ ಡಾಟರ್’ ಎಂದು ನರ್ಸ್ ನಕ್ಕು, ಕಸ್ತೂರಿಯ ತೋಳಿಗೆ ರಬ್ಬರ್ ಪಟ್ಟಿ ಕಟ್ಟತೊಡಗಿದಳು. ಕೆಟ್ಟ ಹೆಂಗಸಲ್ಲ ಅವಳು. ತಾಯಿ ಮಗಳ ಮೇಲಿನ ಅಕ್ಕರೆಗೆ ಏನೋ ಹೇಳುತ್ತಿದ್ದಾಳೆ ಎಂದುಕೊಂಡಿದ್ದಳು.

ನೀಲವ್ವನ ತುಟಿ ನಾಲ್ಕನೆಯ ಸಲ ‘ಮೈ’ ಎಂದು ಶುರು ಮಾಡಿತು. ತಪ್ಪು ಮಾತೂ ಇಲ್ಲಿ ಕೇಳುತ್ತದೆ ಎಂದು ಅವಳಿಗೆ ಹೇಳಬೇಕಿತ್ತು. ಕನ್ನಡದಲ್ಲಿ ಹೇಳಿದರೆ ಕೇಳುವಂತಿರಲಿಲ್ಲ. ಇಂಗ್ಲಿಷಿನಲ್ಲಿ ಹೇಳಿದರೆ ಅವಳಿಗೆ ತಿಳಿಯುವಂತಿರಲಿಲ್ಲ. ಉಳಿದದ್ದು ಒಂದೇ ದಾರಿ.

‘ನೀಲವ್ವಾ!’ ಎಂದು ಕೂಗಿದೆ. ‘ನೋ ಇಂಜೆಕ್ಷನ್! ಡೋಂಟ್ ಗಿವಿಂಗ್! ಶೀ ಡೈ! ಹರ್ ನೋ, ನೋ, ನೋ!’

ಒಂದಕ್ಕೊಂದು ಕೂಡದ ಮಾತು. ಪ್ರತಿಯೊಂದೂ ಆ ಉದ್ದ ಕೋಣೆಯಲ್ಲಿ ಖಣಖಣ ಕೇಳಿಸಿತು. ಮಂಚದ ಮೇಲಿದ್ದವರೆಲ್ಲ ತಿರುಗಿದರು. ಕಾವಲಿನವನು ನನ್ನ ತೋಳು ಹಿಡಿದ. ನೀಲವ್ವ ನನ್ನನ್ನೇ ನೋಡುತ್ತ ನಿಂತಳು. ಅಕ್ಕೋರು ಬಂದದ್ದಕ್ಕಲ್ಲ, ಅಕ್ಕೋರ ಬಾಯಲ್ಲಿ ಅಷ್ಟು ತಪ್ಪು ಬಂದದ್ದಕ್ಕೆ, ಅದಿಷ್ಟೂ ತನಗೆ ಕೇಳಿಸಿದ್ದಕ್ಕೆ ಅವಳ ಕಣ್ಣು ಅಗಲವಾಗಿತ್ತು. ಆಮೇಲೆ ಅವಳು ತಿರುಗಿ, ಸೂಜಿ ಹಿಡಿದ ನರ್ಸಿನ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದಳು. ಬಳೆಗಾರ್ತಿಯ ಹಿಡಿತ, ಬಿಡಿಸಿಕೊಳ್ಳುವುದು ಸುಲಭವಲ್ಲ.

‘ನೋ! ಪೆನ್ಸಿಲಿನ್ ನೋ! ಡಾಟರ್ ನೋ! ಬಿಫೋರ್ ಗಿವ್, ಡಾಟರ್ ಡೈ, ಡೈ!’ ಎಂದಳು. ಒಂದು ಕೈ ಬಿಟ್ಟು ತನ್ನ ಕುತ್ತಿಗೆಯ ಸುತ್ತ ಬೆರಳು ಅಗಲಿಸಿ ಬಾತ ಗಂಟಲನ್ನು ತೋರಿಸಿದಳು. ಉಸಿರು ಕಟ್ಟಿದ ಹಾಗೆ ಬಾಯಿ ತೆರೆದು, ಕಣ್ಣು ಮೇಲೆ ಮಾಡಿ, ಹೋದ ವರ್ಷ ಮಗಳು ಒದ್ದಾಡಿದ್ದನ್ನು ಹಾಗೆ ಹಾಗೇ ಮಾಡಿ ತೋರಿಸಿದಳು.

ನರ್ಸ್ ಸೂಜಿಯನ್ನು ತಟ್ಟೆಯಲ್ಲಿ ಇಟ್ಟಳು. ‘ಅಲರ್ಜಿ?’ ಎಂದಳು.

ನೀಲವ್ವನಿಗೆ ಆ ಶಬ್ದ ಗೊತ್ತಿರಲಿಲ್ಲ. ನಾನು ಕಲಿಸಿರಲಿಲ್ಲ. ಅವಳು ನನ್ನ ಕಡೆ ನೋಡಿದಳು.

‘ಎಸ್!’ ಎಂದು ಬಾಗಿಲಿನಿಂದಲೇ ಅರಚಿದೆ. ‘ಎಸ್, ಅಲರ್ಜಿ, ಎಸ್!’

ಡಾಕ್ಟರು ಬಂದರು. ಅದೇ ಹಿರಿಯ ಡಾಕ್ಟರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನ ಗುರುತು ಅವರಿಗಿರಲಿಲ್ಲ. ನನ್ನ ಕೈಗೆ ಕಾಗದ ಕೊಟ್ಟು ಯಾವಾಗ, ಏನಾಯಿತು, ಬರೆ ಎಂದರು. ಬರೆದೆ. ಅಕ್ಷರ ಮುತ್ತಿನ ಹಾಗೆ ಬಂತು, ಒಂದೂ ತಪ್ಪಿರಲಿಲ್ಲ. ಅದನ್ನು ನೋಡಿ ನನಗೆ ನಾಚಿಕೆಯಾಯಿತು. ಬೇರೆ ಔಷಧ ಕೊಟ್ಟರು. ಸಂಜೆ ಐದೂವರೆಗೆ ಕಸ್ತೂರಿ ಹೆಣ್ಣು ಹೆತ್ತಳು. ಕೂಸಿನ ಅಳು ಗುಡ್ಡದ ಮೇಲೂ ಕೇಳುತ್ತದಲ್ಲ, ಹೊರಗಿನ ಬೆಂಚಿನ ಮೇಲೆ ಕೂತಿದ್ದ ನನಗೂ ಕೇಳಿಸಿತು.

ಸೋಮವಾರ ಕ್ಲಾಸಿಗೆ ಎಲ್ಲರೂ ಬಂದಿದ್ದರು. ನೀಲವ್ವ ಸಕ್ಕರೆ ತಂದು ಎಲ್ಲರ ಕೈಗೂ ಹಾಕಿದಳು, ಅಪ್ಪನಿಗೂ. ಆಮೇಲೆ ನನ್ನ ಮುಂದೆ ನಿಂತು, ಸಿಟ್ಟಿಲ್ಲದೆ, ನಿಜಕ್ಕೂ ತಿಳಿಯದೆ ಕೇಳಿದಳು. ‘ಅಕ್ಕೋರ, ನೀವು ಅಷ್ಟು ತಪ್ಪು ಮಾತಾಡಿದ್ರಿ. ನಾನೂ ಮಾತಾಡಿದೆ. ಎಲ್ಲಾ ಕೇಳಿಸ್ತು. ಹಂಗಾರ ಆವತ್ತು ಅಪ್ಪಾರ ಸಂಗಡ ಹೋದಾಗ ನಿಮ್ಮ ಮಾತು ಯಾಕ ಕೇಳಿಸಲಿಲ್ರಿ?’

ಇಮಾಮಸಾಬರು ತಲೆ ತಗ್ಗಿಸಿ ಪಾಟಿ ಒರೆಸತೊಡಗಿದರು. ಅವರಿಗೆ ಮೊದಲೇ ಅನುಮಾನವಿತ್ತೆಂದು ಕಾಣುತ್ತದೆ. ಅಪ್ಪ ಬಾಯಿಗೆ ಹಾಕಿಕೊಳ್ಳಲಿದ್ದ ಸಕ್ಕರೆಯನ್ನು ಹಾಗೇ ಅಂಗೈಯಲ್ಲಿ ಹಿಡಿದಿದ್ದರು.

ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಮಾತು ನನಗೆ ಇಲ್ಲಿ ಕೆಳಗೆ ಸರಾಗವಾಗಿ ಬರುತ್ತದೆ. ಆದರೆ ಶನಿವಾರ ನೋಡಿದ ನೀಲವ್ವನ ತುಟಿ ಕಣ್ಣ ಮುಂದಿತ್ತು. ‘ನಾ ಮಾತಾಡಲೇ ಇಲ್ಲ’ ಎಂದೆ. ‘ಆವತ್ತು ನಾ ಬಾಯಿ ತೆರೀಲಿಲ್ಲ. ತಪ್ಪಾದೀತು ಅಂತ ಅಂಜಿ ಸುಮ್ಮನ ನಿಂತೆ. ಅಪ್ಪ ಬ್ಯಾಡ ಅಂದದ್ದು ನನಗ ಗೊತ್ತಿತ್ತು. ಆ ಕಾಗದಕ್ಕ ಸಹಿ ಮಾಡಿದಾಕಿ ನಾನ.’

ಅಪ್ಪ ಸಕ್ಕರೆಯನ್ನು ನಿಧಾನವಾಗಿ ಹೊಸ್ತಿಲಾಚೆ ಉದುರಿಸಿ, ಅಂಗೈ ಝಾಡಿಸಿ, ಊರುಗೋಲು ತೆಗೆದುಕೊಂಡು ಎದ್ದರು. ಹಿಡಿಯಲು ಹೋದ ನನ್ನ ಕೈಯನ್ನು ಸರಿಸಿ ಒಬ್ಬರೇ ಮನೆಗೆ ಹೋದರು.

ಅಂದಿನಿಂದ ಅವರು ನನ್ನೊಡನೆ ಮಾತು ಬಿಟ್ಟರು. ಬಡಿಸಿದರೆ ಉಣ್ಣುತ್ತಿದ್ದರು. ಸಾಕು, ಬೇಕು ಎನ್ನುತ್ತಿರಲಿಲ್ಲ. ನಿಂತುಹೋದ ಮಗ್ಗದ ಕೋಣೆಯಲ್ಲಿ, ಕುಣಿಯ ಅಂಚಿಗೆ ಕೂತು ಒಂದೇ ಕಾಲನ್ನು ಇಳಿಬಿಟ್ಟುಕೊಂಡಿರುತ್ತಿದ್ದರು. ಕ್ಲಾಸು ಬಿಟ್ಟು ಹೋದವರು ಮೂರು ಜನ, ಉಳಿದವರು ಬರುತ್ತಿದ್ದರು. ನಾನು ಪುಸ್ತಕ ಮುಚ್ಚಿಟ್ಟು, ನೋ, ಡೋಂಟ್, ಸ್ಟಾಪ್, ವೇಟ್, ಪೇನ್ ಎಂಬ ಶಬ್ದಗಳಿಂದ ಮತ್ತೆ ಶುರು ಮಾಡಿದೆ. ಯಾರು ತಪ್ಪಿದರೂ ತಡೆಯಲಿಲ್ಲ. ಪಾಠ ಹೇಳುವಾಗ ನನ್ನ ಕಣ್ಣು ಬಾಗಿಲ ಬಳಿಯ ಖಾಲಿ ಕುರ್ಚಿಗೇ ಹೋಗುತ್ತಿತ್ತು.

ಅಪ್ಪ ಸಂಜೆ ಇಮಾಮಸಾಬರ ಮನೆಗೆ ಹೋಗುತ್ತಾರೆಂದು ನೀಲವ್ವ ಹೇಳಿದಳು. ಯಾಕೆಂದು ಮೂರು ವಾರದ ಮೇಲೆ ತಿಳಿಯಿತು. ಒಂದು ಬೆಳಿಗ್ಗೆ ಅಪ್ಪ ಒಗೆದ ಧೋತರ ಉಟ್ಟು, ರುಮಾಲು ಸುತ್ತಿ ಅಂಗಳದಲ್ಲಿ ನಿಂತಿದ್ದರು. ‘ಗುಡ್ಡಕ್ಕ ಹೊಂಟೀನಿ. ನೀನೂ ಬಾ. ನಾ ಕೇಳೋದನ್ನ ನೀ ನೋಡಬೇಕು. ಬಾಯಿ ಮಾತ್ರ ತಗೀಬ್ಯಾಡ’ ಎಂದರು. ಮೂರು ವಾರದಲ್ಲಿ ನನಗೆ ಆಡಿದ ಮೊದಲ ಮಾತು.

ಏರುದಾರಿಯಲ್ಲಿ ನಾಲ್ಕು ಕಡೆ ಕೂತು ಹತ್ತಿದೆವು. ಡಾಕ್ಟರ ಕೋಣೆಯಲ್ಲಿ ಅಪ್ಪ ಕುರ್ಚಿ ಬೇಡವೆಂದು ಕೈಯಾಡಿಸಿ, ಊರುಗೋಲಿನ ಮೇಲೆ ನಿಂತು, ಧೋತರವನ್ನು ಮೊಣಕಾಲವರೆಗೆ ಎತ್ತಿ ಮೊಂಡುಗಾಲನ್ನು ತೋರಿಸಿದರು. ‘ಸರ್. ಯು ಕಟ್. ಸೆವೆನ್ ಇಯರ್. ನೋ ಕಟ್, ಲೆಗ್ ಗುಡ್? ಎಸ್? ನೋ?’

ಇಮಾಮಸಾಬರ ಇಂಗ್ಲಿಷು. ಗಟ್ಟಿಯಾಗಿ, ತಡವರಿಸದೆ. ನಾನು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದೆ. ಕತ್ತರಿಸದಿದ್ದರೆ ಕಾಲು ಉಳಿಯುತ್ತಿತ್ತೇ ಎಂದು ಅವರು ಕೇಳಿದ್ದು ನನ್ನ ವಿಚಾರಣೆಯೂ ಆಗಿತ್ತು.

ಡಾಕ್ಟರು ಬಹಳ ಹೊತ್ತು ಕಾಲನ್ನು ನೋಡಿದರು. ಹಳೆಯ ಕಡತ ತರಿಸಿ ಹಾಳೆ ತಿರುವಿದರು. ನನ್ನ ಸಹಿ ಇದ್ದ ಕಾಗದ ಅದರೊಳಗಿತ್ತು. ಕೊನೆಗೆ ಕನ್ನಡಕ ತೆಗೆದರು.

‘ಐ ಡೋಂಟ್ ನೋ’ ಎಂದರು. ‘ಐ ರಿಯಲಿ ಡೋಂಟ್ ನೋ.’

ಅಪ್ಪ ಕೈ ಮುಗಿದು ಹೊರಗೆ ಬಂದರು. ಇಳಿಯುವಾಗ ಎಲ್ಲಿಯೂ ಕೂರಲಿಲ್ಲ. ಅಗಸಿ ದಾಟಿ ಕಟ್ಟೆಯ ಹತ್ತಿರ ಬಂದ ಮೇಲೆ ನನ್ನ ಕಡೆ ತಿರುಗಿದರು. ‘ಕೇಳಿದೇನು? ಕಡೀದಿದ್ರ ಉಳೀತಿತ್ತೇನು ಅಂದ್ರ ಉಳೀತಿರಲಿಲ್ಲ ಅಂದ್ರೋ, ಕಡಿಯೂ ಜರೂರಿ ಇರಲಿಲ್ಲ ಅಂದ್ರೋ. ಏನರ ಇರಲಿ, ನೋ ಅಂದ್ರು. ಎರಡ ಸಲ ಅಂದ್ರು.’

‘ಅಪ್ಪಾ, ಅದು ಆ ನೋ ಅಲ್ಲ. ಎರಡೂ ಒಂದೇ ಥರ ಕೇಳಸತಾವ. ಡಾಕ್ಟರು ‘ನನಗ ಗೊತ್ತಿಲ್ಲ’ ಅಂದ್ರು.’

‘ಗೊತ್ತಿಲ್ಲ ಅಂದ್ರು?’

‘ಹೌದಪ್ಪಾ.’

‘ನೀ ಹೇಳಿದ್ದನ್ನ ನಾ ಹೆಂಗ ನಂಬಲಿ ಇಂದೂ?’ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು.

ನಾನು ಹೇಳಿದ್ದು ನಿಜವಾಗಿತ್ತು. ಅದನ್ನು ನಿಜ ಮಾಡಿ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಅವರು ಊರುಗೋಲನ್ನು ಮತ್ತೆ ಗುಡ್ಡದ ಕಡೆ ತಿರುಗಿಸಿದರು. ಎರಡು ಹೆಜ್ಜೆ ಇಟ್ಟು ನಿಂತರು. ಕಟ್ಟೆಯ ಮೇಲೆ ಆ ಹೊತ್ತಿಗೆ ಬೇರೆ ಯಾರೂ ಇರಲಿಲ್ಲ, ಕೇಳಲು ನಾನೊಬ್ಬಳೇ.

‘ಬರದು ಕೊಡ್ರಿ ಅನ್ನೂದಕ್ಕ ಏನಂತಾರ? ಇದನ್ನರ ಖರೇ ಹೇಳು.’

‘ರೈಟ್’ ಎಂದೆ. ‘ಪ್ಲೀಸ್, ರೈಟ್.’

‘ರೈಟ್, ರೈಟ್’ ಎಂದುಕೊಳ್ಳುತ್ತ ಅವರು ಒಬ್ಬರೇ ಹತ್ತಿದರು. ಅಗಸಿಯಾಚೆಗೂ ಅವರ ದನಿ ಕೇಳುತ್ತಿತ್ತು. ನಾನು ಕಟ್ಟೆಯ ಮೇಲೆ ಕೂತೆ. ಬಿಸಿಲು ಏರಿತು. ಅವರು ಬಿದ್ದಿರಬಹುದು, ಬಾಗಿಲಲ್ಲಿ ತಡೆದಿರಬಹುದು ಎಂದು ಮೂರು ಸಲ ಎದ್ದು ಅಗಸಿಯವರೆಗೆ ಹೋಗಿ ಮರಳಿ ಕೂತೆ. ಮಧ್ಯಾಹ್ನ ಕ್ಲಾಸಿನ ಹೊತ್ತಿಗೆ ಅವರು ಇಳಿದು ಬಂದರು. ಅಂಗಿಯ ಜೇಬಿನಲ್ಲಿ ಮಡಚಿದ ಒಂದು ಚೀಟಿ ಇತ್ತು. ನನಗೆ ತೋರಿಸಲಿಲ್ಲ. ಇಮಾಮಸಾಬರಿಗೆ ಓದು ಇನ್ನೂ ಬರುತ್ತಿರಲಿಲ್ಲ. ಓದು ಬರುತ್ತಿದ್ದ ಬೇರೆಯವರಿಗೂ ಅವರು ಕೊಡಲಿಲ್ಲ.

ಮರುದಿನ ಅಪ್ಪ ಕ್ಲಾಸಿಗೆ ಬಂದು, ಬಾಗಿಲ ಬಳಿಯ ಕುರ್ಚಿಯನ್ನು ಬಿಟ್ಟು, ನೀಲವ್ವನ ಪಕ್ಕದಲ್ಲಿ ಮುಂದಿನ ಬೆಂಚಿನ ಮೇಲೆ ಕೂತರು. ಪಾಟಿ ಕೇಳಿದರು. ನನ್ನೊಡನೆ ಪಾಠದ ಮಾತಿನ ಹೊರತು ಬೇರೆ ಮಾತಿಲ್ಲ. ಅಕ್ಷರಕ್ಕೆ ಹದಿನೆಂಟು ದಿನ ಹಿಡಿಯಿತು. ನೇಯುವವರ ಕಣ್ಣು, ಒಂದು ಸಲ ನೋಡಿದ ಆಕಾರ ಮರೆಯುತ್ತಿರಲಿಲ್ಲ. ನೀಲವ್ವ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅವರಿಗೆ ಹೇಳಿಕೊಡುತ್ತಿದ್ದಳು. ಎರಡು ತಿಂಗಳ ಮೇಲೆ ಒಂದು ದಿನ ಅವರು ಜೇಬಿನಿಂದ ಚೀಟಿ ತೆಗೆದು ಮಡಿಕೆ ಬಿಚ್ಚಿ ಬೆಂಚಿನ ಮೇಲೆ ಹರಡಿದರು. ನಾನು ಹಲಗೆಯ ಹತ್ತಿರ ನಿಂತಲ್ಲೇ ನಿಂತೆ.

‘ಐ’ ಎಂದರು. ಬೆರಳು ಮುಂದೆ ಸರಿಯಿತು. ‘ಡು. ನಾಟ್.’ ಮುಂದಿನ ಶಬ್ದದ ಮೇಲೆ ಬೆರಳು ನಿಂತಿತು. ‘ಕೆ, ಎನ್, ಓ, ಡಬ್ಲ್ಯೂ. ಇದು ಯಾವ ನೋ?’

‘ಗೊತ್ತು ಅನ್ನೂದು, ಅಣ್ಣಾರ’ ಎಂದು ನೀಲವ್ವ ಹೇಳಿದಳು. ‘ಬ್ಯಾಡ ಅನ್ನೂ ನೋಕ್ಕ ಎರಡ ಅಕ್ಷರ. ಮುಂದ ಕೆ ಇರೂದಿಲ್ಲ.’

ಅಪ್ಪ ಬಳಪ ತೆಗೆದುಕೊಂಡು ಪಾಟಿಯ ಮೇಲೆ ಎರಡನ್ನೂ ಒಂದರ ಕೆಳಗೊಂದು ಬರೆದರು. ಎರಡನ್ನೂ ನೋಡಿದರು. ‘ನನಗ ಗೊತ್ತಿಲ್ಲ’ ಎಂದು ಓದಿಕೊಂಡರು. ಇನ್ನೊಮ್ಮೆ ಓದಿಕೊಂಡರು. ಆಮೇಲೆ ತಲೆಯೆತ್ತಿ ನನ್ನನ್ನು ಕೇಳಿದರು. ‘ಈ ಕೆ ಬಾಯಿ ಬಿಡೂದ ಇಲ್ಲೇನು?’

‘ಇಲ್ಲಪ್ಪಾ. ಬರಿಯೋವಾಗ ಇರತೈತಿ. ಮಾತಾಡೋವಾಗ ಸುಮ್ಮನಿರತೈತಿ.’

‘ನಿನ್ಹಂಗ’ ಎಂದರು.

ಯಾರೂ ನಗಲಿಲ್ಲ. ಅವರೂ ನಗಲಿಲ್ಲ. ಕೂಸು ಮಗ್ಗುಲು ಬದಲಿಸಿ ಕುಂಯ್‌ಗುಟ್ಟಿತು. ಅಪ್ಪ ಬೆಂಚಿಗೆ ಅಡ್ಡ ಇಟ್ಟಿದ್ದ ಊರುಗೋಲನ್ನು ತೆಗೆದು ನೆಲದ ಮೇಲೆ ಮಲಗಿಸಿ, ಸ್ವಲ್ಪ ಒತ್ತರಿಸಿ ಕೂತು, ಪಕ್ಕದ ಜಾಗವನ್ನು ಕೈಯಿಂದ ಒರೆಸಿದರು.

‘ಇನ್ನೊಂದು ಸಾಲೈತಿ. ಬಾ, ಕೂಡು’ ಎಂದರು.

ಹೋಗಿ ಕೂತೆ. ಮುಂದಿನ ಸಾಲನ್ನು ಅವರಿಗಿಂತ ಮೊದಲು ಓದಿಬಿಡಬಾರದೆಂದು, ಅವರ ಬೆರಳು ಅಲ್ಲಿಗೆ ಬರುವವರೆಗೂ ಕಣ್ಣನ್ನು ಬೇರೆ ಕಡೆ ಇಟ್ಟು ಕಾದೆ.